ಅಮ್ಮನ ತೋಳಿನ ಗ್ಲೂಕೋಸ್ ಸೆನ್ಸರ್: 14 ದಿನ ಬಳಸಿದ ಮೇಲೆ

ಇನ್ಸುಲಿನ್ ತಗೊಳ್ಳೋ ಅಮ್ಮನ ಬೆರಳ ತುದಿಗಳು ಚುಚ್ಚಿ ಚುಚ್ಚಿ ಗಡುಸಾಗಿದ್ದವು. ಅದನ್ನ ನೋಡಲಾಗದೆ ಸೆನ್ಸರ್ ಹಾಕಿಸಿದೆ. ಅದು ಕೋಟಿನ ಗುಂಡಿಯಷ್ಟಗಲ, ಅದರ ಕೂದಲೆಳೆಯಂಥ ತಂತು ಚರ್ಮದಡಿ ಕೂರುತ್ತೆ. ಅದು ಅಳೆಯೋದು ರಕ್ತದ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಿನ ದ್ರವದ್ದನ್ನು. ಹಾಗಾಗಿ ಸಕ್ಕರೆ ಸರಸರ ಏರಿಳಿಯುವಾಗ ಬೆರಳಿನ ಲೆಕ್ಕಕ್ಕಿಂತ ಕೆಲವು ನಿಮಿಷ ಹಿಂದೆ ಬೀಳುತ್ತೆ. ಇದು ಗೊತ್ತಿಲ್ಲದೆ ಮೊದಲ ದಿನ ಸುಮ್ಮನೆ ಗಾಬರಿಪಟ್ಟೆ.

ಮೂರನೇ ರಾತ್ರಿ 2 ಗಂಟೆಗೆ ಅಲಾರಂ, ಸಕ್ಕರೆ 58ಕ್ಕೆ (mg/dL) ಇಳಿದಿದೆ ಅಂತ. ಬೆರಳು ಚುಚ್ಚಿ ನೋಡಿದರೆ 104! ಅಮ್ಮ ಅದೇ ತೋಳಿನ ಮೇಲೆ ಒತ್ತಿ ಮಲಗಿದ್ದರು. ಒತ್ತಡ ಬಿದ್ದರೆ ಹೀಗೆ ಸುಳ್ಳು ಇಳಿಕೆ ತೋರಿಸುತ್ತಂತೆ.

ಆರನೇ ರಾತ್ರಿಯ 61 ಮಾತ್ರ ನಿಜ. ಸಕ್ಕರೆ ಇಳಿದಾಗ ಬರೋ ಬೆವರಿಲ್ಲ, ನಡುಕವಿಲ್ಲ, ಗಾಢ ನಿದ್ದೆ. ಎಬ್ಬಿಸಿ ಗ್ಲೂಕೋಸ್ ಕುಡಿಸುವಾಗ ನನ್ನ ಕೈಯೇ ನಡುಗುತ್ತಿತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ವರದಿಯಲ್ಲಿ ಈ ಇಳಿತ ಎಂದೂ ಕಂಡಿರಲಿಲ್ಲ. ಡಾಕ್ಟರು ಗ್ರಾಫ್ ನೋಡಿ ರಾತ್ರಿಯ ಡೋಸ್ ಇಳಿಸಿದರು. ಹೆಚ್ಚಿನವರಿಗೆ ದಿನದ ಶೇ 70ರಷ್ಟು ಸಮಯ ಸಕ್ಕರೆ 70ರಿಂದ 180ರೊಳಗಿರಬೇಕು, ವಯಸ್ಸಾದವರಿಗೆ ಶೇ 50 ಇದ್ದರೂ ಸಾಕು, ಇಳಿಯದಂತೆ ಕಾಯುವುದೇ ಮುಖ್ಯ ಅಂದರು.

ಅಂಟಿನ ಜಾಗ ಕೆಂಪಾಗಿ ತುರಿಸಿತು, ಅದೊಂದು ಕೊರತೆ. ಮುಂದಿನದು ಇನ್ನೊಂದು ತೋಳಿಗೆ.