ನಾಯಿ, ಬೆಕ್ಕಿನ ಫೋಟೋ ಕಟ್ ಮಾಡಲು ಯಾವುದು ಒಳ್ಳೆಯದು? ಫೋನ್, ವೆಬ್‌ಸೈಟ್, ಜಿಂಪ್, ಫೋಟೋಶಾಪ್

ಕಟ್ ಅಂದರೆ ಇಲ್ಲಿ ಹಿಂದಿನ ಬ್ಯಾಕ್‌ಗ್ರೌಂಡ್ ತೆಗೆದು ಪ್ರಾಣಿಯನ್ನು ಮಾತ್ರ ಬೇರೆ ಮಾಡುವುದು. ಎಲ್ಲ ಟೂಲ್‌ಗಳಿಗೂ ನಾನು ಕೊಟ್ಟಿದ್ದು ಅದೇ ಮೂರು ಫೋಟೋ. ಮೊದಲನೆಯದು ಹುಲ್ಲಿನ ಮೇಲೆ ಕೂತ ನಮ್ಮ ಮನೆಯ ಬಿಳಿ ಸ್ಪಿಟ್ಜ್. ಊರಲ್ಲೆಲ್ಲ ಪಾಮೇರಿಯನ್ ಅಂತಲೇ ಕರೆಯುತ್ತಾರಲ್ಲ, ಅದೇ ಜಾತಿ. ಎರಡನೆಯದು ಸಂಜೆ ಬಿಸಿಲಿಗೆ ಬೆನ್ನು ಕೊಟ್ಟು ಟೆರೇಸ್ ಮೇಲೆ ಕೂತ ಕರಿ ಬೆಕ್ಕು, ಉದ್ದ ಕೂದಲಿನದು. ಮೂರನೆಯದು ಗೆಳೆಯರ ಮನೆಯ ಮುಧೋಳ ನಾಯಿ.

ಮುಧೋಳದ ಫೋಟೋವನ್ನು ಬೇಗನೆ ಪಕ್ಕಕ್ಕಿಟ್ಟೆ. ಅದರ ಕೂದಲು ಮೈಗೆ ಅಂಟಿಕೊಂಡಿರುತ್ತದೆ. ಯಾವ ಟೂಲ್‌ಗೆ ಕೊಟ್ಟರೂ ಚೆನ್ನಾಗಿಯೇ ಕಟ್ ಆಯಿತು. ನಿಮ್ಮ ಮನೆಯಲ್ಲಿ ಮುಧೋಳವೋ, ಲ್ಯಾಬ್ರಡಾರೋ, ಗಿಡ್ಡ ಕೂದಲಿನ ಬೀದಿನಾಯಿಯೋ ಇದ್ದರೆ ಫೋನೇ ಸಾಕು. ಮುಂದೆ ಬರೆದಿರುವುದೆಲ್ಲ ಉದ್ದ ಕೂದಲಿನ ಮಕ್ಕಳನ್ನು ಸಾಕಿದವರಿಗೆ.

ಕೂದಲು ಯಾಕೆ ಇಷ್ಟು ಕಷ್ಟ? ಫೋಟೋದಲ್ಲಿ ಒಂದು ಕೂದಲಿನ ದಪ್ಪ ಎಷ್ಟೋ ಸಲ ಒಂದು ಪಿಕ್ಸೆಲ್‌ಗಿಂತ ಕಡಿಮೆ. ಆ ಪಿಕ್ಸೆಲ್‌ನಲ್ಲಿ ಕೂದಲಿನ ಬಿಳಿ, ಹಿಂದಿನ ಹುಲ್ಲಿನ ಹಸಿರು ಎರಡೂ ಕಲೆತಿರುತ್ತವೆ. ಅದು ನಾಯಿಯಾ, ಹುಲ್ಲಾ ಅಂತ ಕೇಳಿದರೆ ಶೇ. 40 ನಾಯಿ, ಶೇ. 60 ಹುಲ್ಲು ಅನ್ನುವಂಥ ಉತ್ತರ ಬೇಕು. ಈ ಪಾಲಿಗೆ ಆಲ್ಫಾ ಅನ್ನುತ್ತಾರೆ. ಅದನ್ನು ಕಂಡುಹಿಡಿಯುವ ಕೆಲಸಕ್ಕೆ ಮ್ಯಾಟಿಂಗ್ ಅನ್ನುತ್ತಾರೆ. ಪಾಲು ಸರಿಯಾಗಿ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಆ ಪಿಕ್ಸೆಲ್‌ನ ಬಣ್ಣದಲ್ಲಿ ಹಸಿರು ಇನ್ನೂ ಉಳಿದಿರುತ್ತದೆ. ಕಡುನೀಲಿ ಬ್ಯಾಕ್‌ಗ್ರೌಂಡ್ ಮೇಲೆ ಇಟ್ಟರೆ ನಾಯಿಯ ಸುತ್ತ ಹಸಿರು ಗೆರೆ ಎದ್ದು ಕಾಣುತ್ತದೆ.

ಹಾಗಾಗಿ ನಾನು ಎರಡು ವಿಷಯ ನೋಡುತ್ತೇನೆ: ಕೂದಲು ಉಳಿಯಿತಾ, ಹಳೆಯ ಬಣ್ಣ ಹೋಯಿತಾ? ಬಹಳ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಕಟ್ ಆದ ಚಿತ್ರವನ್ನು ಬಿಳಿ ಪುಟದ ಮೇಲೆ ನೋಡಿ ಖುಷಿಪಡುತ್ತಾರೆ. ಬಿಳಿ ನಾಯಿಯನ್ನು ಕಪ್ಪಿನ ಮೇಲೆ, ಕರಿ ಬೆಕ್ಕನ್ನು ಬಿಳಿಯ ಮೇಲೆ ಇಟ್ಟು ನೋಡಬೇಕು. ಆಗಲೇ ನಿಜ ಗೊತ್ತಾಗುವುದು.

ಫೋನಿನಿಂದ ಶುರು ಮಾಡೋಣ. ಐಫೋನ್‌ನಲ್ಲಿ 2022ರ ಐಒಎಸ್ 16ರಿಂದ ಫೋಟೋದ ಮೇಲೆ ಬೆರಳು ಒತ್ತಿ ಹಿಡಿದರೆ ಸಾಕು, ಪ್ರಾಣಿ ಬೇರೆಯಾಗಿ ಎದ್ದು ಬರುತ್ತದೆ. ಇದರಷ್ಟು ಬೇಗ ಆಗುವುದು ಬೇರೆ ಯಾವುದೂ ಇಲ್ಲ. ವಾಟ್ಸಾಪ್ ಸ್ಟಿಕರ್ ಮಾಡಲು ನಾನು ಈಗಲೂ ಇದನ್ನೇ ಬಳಸುತ್ತೇನೆ. ಆದರೆ ಫೋನಿನಲ್ಲಿ ಆಗುವ ಕಟ್ ಒಂದು ಗೆರೆ ಎಳೆದಂತೆ ಇರುತ್ತದೆ. ಸ್ಪಿಟ್ಜ್‌ನ ಬಾಲದ ತುದಿ ಕತ್ತರಿ ಹಿಡಿದು ಕತ್ತರಿಸಿದ ಹಾಗೆ ಕಾಣುತ್ತದೆ. ಬೆಕ್ಕಿನ ಮೀಸೆಯಂತೂ ಪೂರ್ತಿ ಹೋಗುತ್ತದೆ. ಇನ್ನೊಂದು ಮಾತು: ಕಟ್ ಮಾಡುವ ಉದ್ದೇಶ ಇದ್ದರೆ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆಯಬೇಡಿ. ಫೋನ್ ಲೆಕ್ಕ ಹಾಕಿ ಮಾಡುವ ಆ ಮಸುಕಿನಲ್ಲಿ ಅಂಚಿನ ಕೂದಲೂ ಮಸುಕಾಗುತ್ತದೆ. ಐಫೋನ್‌ನಲ್ಲಿ ಆ ಮಸುಕನ್ನು ಆಮೇಲೆ ತೆಗೆಯಬಹುದು. ಆದರೆ ಮಸುಕಾಗಿಯೇ ಉಳಿದ ಪ್ರತಿಯಲ್ಲಿ ಕೂದಲು ಮೊದಲಿನ ಹಾಗೆ ವಾಪಸ್ ಬರುವುದಿಲ್ಲ.

ಒಂದೇ ಕ್ಲಿಕ್‌ನ ವೆಬ್‌ಸೈಟ್‌ಗಳು ಫೋನಿಗಿಂತ ಎಷ್ಟೋ ಮೇಲು. ಈ ದಾರಿಯನ್ನು ಜನಪ್ರಿಯ ಮಾಡಿದ ರಿಮೂವ್ ಡಾಟ್ ಬಿಜಿ ಬಂದಿದ್ದು 2018ರ ಕೊನೆಗೆ. ಈಗ ಅಂಥವು ಬೇಕಾದಷ್ಟಿವೆ. ಸ್ಪಿಟ್ಜ್‌ನ ಕುತ್ತಿಗೆಯ ಸುತ್ತಲಿನ ದಟ್ಟ ಕೂದಲು ಇವುಗಳಲ್ಲಿ ಮೆತ್ತಗೆ ಬಂತು. ಹಸಿರೂ ಮುಕ್ಕಾಲು ಪಾಲು ಹೋಗಿತ್ತು. ಕಷ್ಟವಾಗಿದ್ದು ಕಾಲುಗಳ ಸಂದಿಯ ಹುಲ್ಲು ಮತ್ತು ಕರಿ ಬೆಕ್ಕಿನ ಬಾಲ. ನೆರಳೂ ಕಪ್ಪು, ಬಾಲವೂ ಕಪ್ಪು. ಎರಡನ್ನೂ ಸೇರಿಸಿ ಒಂದೇ ಅಂದುಕೊಳ್ಳುತ್ತವೆ.

ಇಲ್ಲಿ ಸೈಜ್ ಕಡೆ ಗಮನ ಕೊಡಿ. ಪುಕ್ಕಟೆ ಸಿಗುವುದು ಸಾಮಾನ್ಯವಾಗಿ ಚಿಕ್ಕ ಚಿತ್ರ, ಕೆಲವು ಕಡೆ ಕಾಲು ಮೆಗಾಪಿಕ್ಸೆಲ್ ಅಷ್ಟೇ. ಅಂದರೆ ಸುಮಾರು 625 ಪಿಕ್ಸೆಲ್ ಅಗಲ. ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಾಕಿದರೆ ಎರಡು ಇಂಚಿನ ಆಸುಪಾಸು ಅಷ್ಟೇ. ಫೋಟೋ ಫ್ರೇಮ್ ಮಾಡಿಸುವವರು ದುಡ್ಡು ಕೊಟ್ಟೇ ಇಳಿಸಿಕೊಳ್ಳಬೇಕು. ಫೋಟೋ ಬೇರೆಯವರ ಸರ್ವರ್‌ಗೆ ಹೋಗುತ್ತದೆ ಅನ್ನುವುದೂ ನೆನಪಿರಲಿ. ನಾಯಿಯ ಪಕ್ಕದಲ್ಲಿ ಮನೆಯ ಮಕ್ಕಳೂ ಇದ್ದರೆ ನಾನು ಕಳಿಸುವುದಿಲ್ಲ.

ಅದಕ್ಕೆ ನಾನು ಹಿಡಿದ ದಾರಿ ರೆಂಬಿಜಿ. ಇದು ಓಪನ್ ಸೋರ್ಸ್ ಪ್ರೋಗ್ರಾಂ. ನಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು ಗೊತ್ತಿರಬೇಕು, ಅದೊಂದೇ ತೊಡಕು. ಇದರಲ್ಲಿ ಮಾಡೆಲ್, ಅಂದರೆ ಪ್ರಾಣಿಯನ್ನು ಗುರುತಿಸುವ ಎಐ, ಯಾವುದು ಅನ್ನುವ ಆಯ್ಕೆ ಮುಖ್ಯ. ಹಳೆಯ ಯು2ನೆಟ್ ಮಾಡೆಲ್ ಚಿತ್ರವನ್ನು 320 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತದೆ. ಅಷ್ಟು ಚಿಕ್ಕದರಲ್ಲಿ ಮೀಸೆ ಕಾಣುವುದಾದರೂ ಹೇಗೆ? ಹೊಸ ಬೈರೆಫ್‌ನೆಟ್ 1024 ಪಿಕ್ಸೆಲ್‌ನಲ್ಲಿ ನೋಡುತ್ತದೆ. ಸ್ಪಿಟ್ಜ್‌ನ ಕಿವಿಯ ಕೂದಲಲ್ಲಿ ಇವೆರಡರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಿಧಾನ, ನಿಜ. ಆದರೂ ಕಾಯುವುದು ಲಾಭವೇ.

ಈಗ ನನಗೆ ಬಹಳ ಇಷ್ಟವಾದ ಭಾಗ. ಜಿಂಪ್ ಪುಕ್ಕಟೆ ಸಾಫ್ಟ್‌ವೇರ್. ಅದರಲ್ಲಿ ಫೋರ್‌ಗ್ರೌಂಡ್ ಸೆಲೆಕ್ಟ್ ಅನ್ನುವ ಟೂಲ್ ಇದೆ. ನಾಯಿಯ ಸುತ್ತ ಒರಟಾಗಿ ಗೆರೆ ಎಳೆಯಿರಿ. ಮೈಯ ಮೇಲೆ ಬ್ರಷ್ ಆಡಿಸಿ ಇದು ನಾಯಿ ಅಂತ ತೋರಿಸಿ. ಅಂಚಿನ ಕೂದಲ ಪಟ್ಟಿಯನ್ನು ಮುಟ್ಟದೆ ಬಿಡಿ. ಅಲ್ಲಿನ ಆಲ್ಫಾ ಲೆಕ್ಕ ಟೂಲ್‌ನದು. 2018ರ 2.10 ಆವೃತ್ತಿಯಿಂದ ಇದರಲ್ಲಿ ಲೆವಿನ್ ಅನ್ನುವ ಎಂಜಿನ್ ಇದೆ, ಅದನ್ನೇ ಆರಿಸಿಕೊಳ್ಳಿ. ದೊಡ್ಡ ಫೋಟೋ ಆದರೆ ಸ್ವಲ್ಪ ತಾಳ್ಮೆ ಬೇಕು.

ಬಿಳಿ ನಾಯಿಗೆ ಇನ್ನೂ ಒಳ್ಳೆಯ ಉಪಾಯವಿದೆ. ಎಐ ಬರುವ ಮೊದಲು ಸ್ಟುಡಿಯೋದವರು ಮಾಡುತ್ತಿದ್ದ ಚಾನೆಲ್ ಕೆಲಸ. ಫೋಟೋದ ಕೆಂಪು, ಹಸಿರು, ನೀಲಿ ಒಂದೊಂದರ ಪದರಕ್ಕೂ ಚಾನೆಲ್ ಅನ್ನುತ್ತಾರೆ. ಹುಲ್ಲಿನಲ್ಲಿ ನೀಲಿ ಬಣ್ಣ ತೀರಾ ಕಡಿಮೆ, ಬಿಳಿ ಕೂದಲಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಜಾಸ್ತಿ. ಹಾಗಾಗಿ ನೀಲಿ ಚಾನೆಲ್ ಒಂದನ್ನೇ ತೆರೆದರೆ ಹುಲ್ಲು ಕಪ್ಪಗೆ, ನಾಯಿ ಬೆಳ್ಳಗೆ ಕಾಣುತ್ತದೆ. ಒಂದೊಂದು ಕೂದಲೂ ಬೇರೆ ಬೇರೆಯಾಗಿ ಇರುತ್ತದೆ. ಅದರ ಪ್ರತಿ ಮಾಡಿ, ಲೆವೆಲ್ಸ್ ಅನ್ನುವ ಬೆಳಕು-ಕತ್ತಲೆ ಹೊಂದಿಸುವ ಟೂಲ್‌ನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡಿ. ಕಣ್ಣು, ಮೂಗು ಕಪ್ಪಾಗಿರುತ್ತವಲ್ಲ, ಅವನ್ನು ಕೈಯಲ್ಲೇ ಬಿಳಿ ತುಂಬಿ. ಅದೇ ಮಾಸ್ಕ್: ಬಿಳಿ ಇರುವ ಕಡೆ ಚಿತ್ರ ಉಳಿಯುತ್ತದೆ, ಕಪ್ಪು ಇರುವ ಕಡೆ ಮರೆಯಾಗುತ್ತದೆ. ನಮ್ಮ ಸ್ಪಿಟ್ಜ್ ವಿಷಯದಲ್ಲಿ ಇದರ ಮುಂದೆ ಯಾವ ಎಐ ಟೂಲೂ ನಿಲ್ಲಲಿಲ್ಲ.

ಉಳಿದ ಹಸಿರನ್ನು ತೆಗೆಯಲು ಬ್ರಷ್‌ನ ಮೋಡ್ ಬದಲಾಯಿಸಿ ಕಲರ್ ಅಂತ ಇಡಿ. ಎದೆಯ ಕೂದಲಿನಿಂದ ಬಣ್ಣ ತೆಗೆದುಕೊಂಡು ಅಂಚಿನ ಮೇಲೆ ಹಚ್ಚಿ. ಬೆಳಕು, ನೆರಳು ಹಾಗೇ ಇರುತ್ತವೆ, ಹಸಿರು ಮಾತ್ರ ಹೋಗುತ್ತದೆ.

ಫೋಟೋಶಾಪ್‌ನಲ್ಲಿ ಇದೇ ಕೆಲಸ ಬೇಗ ಆಗುತ್ತದೆ. ಸೆಲೆಕ್ಟ್ ಸಬ್ಜೆಕ್ಟ್ ಒತ್ತಿ, ಸೆಲೆಕ್ಟ್ ಆ್ಯಂಡ್ ಮಾಸ್ಕ್‌ಗೆ ಹೋಗಿ, ರಿಫೈನ್ ಎಡ್ಜ್ ಬ್ರಷ್ ಅನ್ನು ಕೂದಲ ಮೇಲೆ ಆಡಿಸಿದರೆ ಆಯಿತು. ಡಿಕಂಟಾಮಿನೇಟ್ ಕಲರ್ಸ್ ಅಂತ ಒಂದು ಟಿಕ್ ಇದೆ. ಅಂಚಿನ ಪಿಕ್ಸೆಲ್‌ಗಳಿಗೆ ಪಕ್ಕದ ಕೂದಲಿನ ಬಣ್ಣವನ್ನೇ ಕೊಡುತ್ತದೆ. ಕರಿ ಬೆಕ್ಕಿಗೆ ಗೆದ್ದಿದ್ದು ಇದೇ. ಬಾಲ ಮತ್ತು ನೆರಳು ಕಲೆತ ಜಾಗದಲ್ಲಿ ಮಾತ್ರ ನಾನೇ ಗೆರೆ ಎಳೆಯಬೇಕಾಯಿತು. ತಿಂಗಳು ತಿಂಗಳು ದುಡ್ಡು ಕಟ್ಟಬೇಕು ಅನ್ನುವುದು ಇದರ ಭಾರ. ಬರೀ ಮನೆಯ ಬೆಕ್ಕಿನ ಫೋಟೋಗೋಸ್ಕರ ತೆಗೆದುಕೊಳ್ಳಿ ಅಂತ ನಾನು ಹೇಳಲಾರೆ.

ಆ ಬೆಕ್ಕಿನದು ಬೇರೆಯದೇ ಕಥೆ ಕೂಡ. ಹಿಂದಿನಿಂದ ಬಿಸಿಲು ಬಿದ್ದು ಅಂಚಿನ ಕೂದಲೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಕಟ್ ಚೆನ್ನಾಗಿಯೇ ಬಂದರೂ ಮಳೆಗಾಲದ ಕಾಡಿನ ಮುಂದೆ ಇಟ್ಟರೆ ಸುಳ್ಳು ಅನ್ನಿಸುತ್ತದೆ. ಸೂರ್ಯ ಮುಳುಗುವ ಸಮುದ್ರದ ಮುಂದೆ ಇಟ್ಟಾಗ ಸರಿಯಾಗಿ ಕೂತಿತು. ಹಳೆಯ ಬ್ಯಾಕ್‌ಗ್ರೌಂಡ್‌ನ ಬೆಳಕಿಗೆ ಹತ್ತಿರವಾದದ್ದನ್ನೇ ಹುಡುಕಿ. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಹೊಸದಾಗಿ ಫೋಟೋ ತೆಗೆಯುವ ಅವಕಾಶ ಇದ್ದರೆ ಕೂದಲಿಗೆ ವಿರುದ್ಧ ಬಣ್ಣದ ಖಾಲಿ ಗೋಡೆಯಿಂದ ಒಂದೆರಡು ಮೀಟರ್ ಮುಂದೆ, ಮೋಡದ ಬೆಳಕಿನಲ್ಲಿ ಕೂರಿಸಿ ತೆಗೆಯಿರಿ. ಆಗ ಯಾವ ಟೂಲ್ ಆದರೂ ನಡೆಯುತ್ತದೆ. ಕಟ್ ಮಾಡಿದ್ದನ್ನು ಪಾರದರ್ಶಕ ಭಾಗವನ್ನು ಹಾಗೇ ಇಡುವ ಪಿಎನ್‌ಜಿ ಫೈಲ್ ಆಗಿ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಪಾರದರ್ಶಕ ಭಾಗ ತುಂಬಿಹೋಗುತ್ತದೆ.

ಆದರೆ ನನ್ನ ಹತ್ತಿರ ಫ್ರೇಮ್ ಮಾಡಿಕೊಡಿ ಅಂತ ಬರುವವರಲ್ಲಿ ಹೆಚ್ಚಿನವರಿಗೆ ಆ ಅವಕಾಶ ಇರುವುದಿಲ್ಲ. ನಾಯಿ ತೀರಿಕೊಂಡಿರುತ್ತದೆ. ಉಳಿದಿರುವುದು ಅಡುಗೆಮನೆ ಬಾಗಿಲಲ್ಲಿ, ಯಾರದೋ ಕಾಲಿನ ಪಕ್ಕ ತೆಗೆದ ಒಂದೇ ಫೋಟೋ. ಅಂಥದಕ್ಕೆ ಮೈಯ ಭಾಗವನ್ನು ರೆಂಬಿಜಿಯಲ್ಲಿ, ಅಂಚನ್ನು ಜಿಂಪ್‌ನಲ್ಲಿ ಕೈಯಾರೆ ಮಾಡುತ್ತೇನೆ. ಎಷ್ಟು ಹೊತ್ತಾದರೂ ಸರಿ. ಮೀಸೆ ಹೋಗಿದ್ದರೆ ಒಂದೆರಡು ಪಿಕ್ಸೆಲ್‌ನ ಬ್ರಷ್‌ನಲ್ಲಿ, ತುದಿಗೆ ಹೋದಂತೆ ತೆಳುವಾಗುವ ಹಾಗೆ ಬಿಡಿಸುತ್ತೇನೆ. ಅದಕ್ಕೂ ಮೊದಲು ಮನೆಯವರ ಹತ್ತಿರ ಮುಖ ಹತ್ತಿರದಿಂದ ಕಾಣುವ ಬೇರೆ ಫೋಟೋ ಇದ್ದರೆ ಕೇಳಿ ತರಿಸಿಕೊಳ್ಳುತ್ತೇನೆ. ಎಷ್ಟೇ ಮಸುಕಾಗಿದ್ದರೂ ಪರವಾಗಿಲ್ಲ, ಮೀಸೆ ಎಲ್ಲಿಂದ ಹುಟ್ಟಿ ಯಾವ ಕಡೆ ಬಾಗುತ್ತಿತ್ತು ಅನ್ನುವುದು ಅದರಲ್ಲಿ ಸಿಗುತ್ತದೆ.