ಯಂತ್ರದ ಎಣಿಕೆಯಿಂದ ಇಆರ್‌ಪಿ ಲೆಕ್ಕದವರೆಗೆ: ಒಂದು ಸಂಪರ್ಕ ತಂತ್ರಾಂಶದ ಜೊತೆ ನಾಲ್ಕು ವರ್ಷ

ಯಂತ್ರಗಳ ಎಣಿಕೆಯನ್ನು ಇಆರ್‌ಪಿಗೆ, ಅಂದರೆ ಕಂಪನಿಯ ಸ್ಟಾಕ್, ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶಕ್ಕೆ, ದಾಟಿಸುವ ಸಂಪರ್ಕ ತಂತ್ರಾಂಶ ಇದು. ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ವರ್ಷ ತುಂಬುವ ಹೊತ್ತಿಗೆ ಬರೆದಿದ್ದರೆ ಒಂದು ಕೊಡಲೂ ಮನಸ್ಸು ಬರುತ್ತಿರಲಿಲ್ಲ. ಈಗ ಮೂರೂವರೆ. ಈ ನಡುವೆ ತಂತ್ರಾಂಶ ಬದಲಾದದ್ದು ಸ್ವಲ್ಪ, ನಾವು ಅದನ್ನು ಬಳಸುವ ರೀತಿ ಬದಲಾದದ್ದು ಬಹಳ. ಹಾಗಾಗಿ ಹೆಸರು ಹಾಕುತ್ತಿಲ್ಲ. ಈ ಜಾತಿಯ ಯಾವುದನ್ನು ಕೊಂಡರೂ ಹೆಚ್ಚುಕಡಿಮೆ ಇದೇ ಗುಂಡಿಗಳಲ್ಲಿ ಬೀಳುತ್ತೀರಿ.

ನಮ್ಮದು ನಾಲ್ಕು ಪ್ಯಾಕಿಂಗ್ ಲೈನ್‌ಗಳ ಘಟಕ, ನಾನು ಪ್ಲಾನಿಂಗ್ ವಿಭಾಗ. ಮುಂಚೆ ಶಿಫ್ಟ್ ಮುಗಿದಾಗ ಆಪರೇಟರ್ ಯಂತ್ರದ ಪರದೆ ನೋಡಿ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದರು. ಮರುದಿನ ಬೆಳಿಗ್ಗೆ ಅದನ್ನು ಒಬ್ಬರು ಕೂತು ಇಆರ್‌ಪಿಗೆ ಟೈಪ್ ಮಾಡುತ್ತಿದ್ದರು. 7 ಅಂತ ಬರೆದದ್ದು 1 ಅಂತ ಟೈಪ್ ಆಗಿ, ಇಲ್ಲದ ಕೊರತೆ ತುಂಬಲು ಒಂದು ಲೈನನ್ನು ಹೆಚ್ಚುವರಿ ಶಿಫ್ಟ್ ಓಡಿಸಿದ್ದೂ ಉಂಟು. ಈ ಟೈಪಿಂಗ್ ಕೆಲಸ ತಪ್ಪಿಸೋಣ, ಪಿಎಲ್‌ಸಿಯಲ್ಲಿರುವ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಸಂಖ್ಯೆ ನೇರ ಇಆರ್‌ಪಿಗೆ ಹೋಗಲಿ ಅಂತಲೇ ಇದನ್ನು ಕೊಂಡದ್ದು.

ರಚನೆ ಸರಳ. ಪ್ಯಾನೆಲ್ ರೂಮಿನಲ್ಲಿ ಒಂದು ಪುಟ್ಟ ಗೇಟ್‌ವೇ ಕಂಪ್ಯೂಟರ್ ಕೂತು ಯಂತ್ರಗಳನ್ನು ಓದುತ್ತದೆ. ಘಟಕದ ನೆಟ್‌ವರ್ಕ್ ಮತ್ತು ಕಚೇರಿಯ ನೆಟ್‌ವರ್ಕ್ ನಡುವೆ, ಎರಡು ಕಡೆಯೂ ಫೈರ್‌ವಾಲ್ ಇರುವ ಜಾಗದಲ್ಲಿ, ಒಂದು ಸರ್ವರ್ ಕೂತು ಅದನ್ನು ಇಆರ್‌ಪಿಗೆ ದಾಟಿಸುತ್ತದೆ. ಕಾರ್ಖಾನೆಯ ಕೆಲಸವನ್ನು ಯಂತ್ರದಿಂದ ವ್ಯವಹಾರದವರೆಗೆ ಹಂತಗಳಾಗಿ ವಿಂಗಡಿಸುವ ಐಎಸ್‌ಎ-95 ಮಾನದಂಡದ ಮಾತಿನಲ್ಲಿ ಹೇಳುವುದಾದರೆ, ಸೆನ್ಸರ್ ಮತ್ತು ನಿಯಂತ್ರಣದ ಕೆಳಗಿನ ಹಂತಗಳಿಂದ ವ್ಯವಹಾರದ ನಾಲ್ಕನೇ ಹಂತಕ್ಕೆ ಹತ್ತುವ ಏಣಿ ಇದು. ಆ ಏಣಿಯಲ್ಲಿ ಮೂರನೇ ಮೆಟ್ಟಿಲೊಂದಿದೆ: ಯಾವ ಆರ್ಡರ್ ಯಾವ ಲೈನಿನಲ್ಲಿ, ಯಾವ ಶಿಫ್ಟಿನಲ್ಲಿ ಓಡಿತು ಅನ್ನುವ ಉತ್ಪಾದನಾ ನಿರ್ವಹಣೆ. ನಾವು ಅದನ್ನು ಹಾರಿ ಹತ್ತಲು ಹೋದೆವು. ಮುಂದೆ ಬರೆದಿರುವ ಮುಕ್ಕಾಲು ಪಾಲು ಗೋಳಿಗೆ ಅದೇ ಮೂಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಯಂತ್ರಗಳಿಗೆ ಸಂಪರ್ಕ ಕೊಡುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಹೊಸ ಎರಡು ಲೈನ್‌ಗಳಲ್ಲಿ ಒಪಿಸಿ ಯುಎ (ಬೇರೆಬೇರೆ ತಯಾರಕರ ಯಂತ್ರ, ತಂತ್ರಾಂಶಗಳು ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ) ಇತ್ತು, ಅರ್ಧ ದಿನದಲ್ಲಿ ಮುಗಿಯಿತು. ಒಂದು ಹಳೆಯ ಲೈನು ಮಾತಾಡುವುದು ಮಾಡ್‌ಬಸ್. 1979ರಲ್ಲಿ ಹುಟ್ಟಿದ ಭಾಷೆ ಅದು. ಅದರಲ್ಲಿ ರಿಜಿಸ್ಟರ್‌ಗೆ (ಇಲ್ಲಿ ಪುಸ್ತಕವಲ್ಲ, ಯಂತ್ರದ ನೆನಪಿನಲ್ಲಿ ಒಂದು ಸಂಖ್ಯೆ ಇಡುವ ಖಾನೆ) ನಂಬರ್ ಇರುತ್ತದೆ, ಹೆಸರು ಇರುವುದಿಲ್ಲ, ಅಳತೆಯ ಮಾನವೂ ಇರುವುದಿಲ್ಲ. 16 ಬಿಟ್‌ನ ಎರಡು ರಿಜಿಸ್ಟರ್ ಸೇರಿಸಿ ಒಂದು ದಶಮಾಂಶ ಸಂಖ್ಯೆ ಮಾಡಿಕೊಳ್ಳಬೇಕು. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ. ಸೀಲಿಂಗ್ ಹೀಟರ್‌ನ ತಾಪಮಾನ ಮೊದಲ ದಿನ ಸೂರ್ಯನನ್ನೂ ನಾಚಿಸುವಷ್ಟು ತೋರಿಸಿತು. ಆ ಎರಡು ರಿಜಿಸ್ಟರ್‌ಗಳನ್ನು ಅದಲುಬದಲು ಮಾಡುವ ಟಿಕ್ ಒಂದು ಹಾಕಿದ್ದೇ ತಡ, 182 ಡಿಗ್ರಿಗೆ ಇಳಿಯಿತು. ಇಂಥ ಸಣ್ಣಪುಟ್ಟ ಅನುಕೂಲಗಳನ್ನು ಇಟ್ಟವರು ನಿಜಕ್ಕೂ ಪ್ಯಾನೆಲ್ ಮುಂದೆ ಕೂತು ಬೆವರಿದವರೇ ಇರಬೇಕು.

ಉಳಿದ ಇನ್ನೊಂದು ಲೈನು ಹಳೆಯ ಒಪಿಸಿ. 1996ರ ಆ ವಿನ್ಯಾಸ ವಿಂಡೋಸ್‌ನ ಡಿಕಾಮ್ (ಒಂದು ಕಂಪ್ಯೂಟರಿನ ಪ್ರೋಗ್ರಾಂ ಇನ್ನೊಂದರದ್ದರ ಜೊತೆ ಮಾತಾಡುವ ವ್ಯವಸ್ಥೆ) ಮೇಲೆ ನಿಂತಿದೆ. ಮೈಕ್ರೋಸಾಫ್ಟ್ 2021ರಲ್ಲಿ ಶುರುಮಾಡಿ ಹಂತಹಂತವಾಗಿ ಡಿಕಾಮ್ ಭದ್ರತೆಯನ್ನು ಬಿಗಿ ಮಾಡುತ್ತ ಬಂದು, 2023ರ ಮಾರ್ಚ್‌ನಲ್ಲಿ ಹಳೆಯ ರೀತಿಗೆ ಮರಳುವ ಬಾಗಿಲನ್ನೂ ಮುಚ್ಚಿತು. ಈ ತಂತ್ರಾಂಶದವರು ನಮಗೆ ತಿಂಗಳುಗಳ ಮೊದಲೇ ಎಚ್ಚರಿಸಿ, ಹಳೆಯ ಒಪಿಸಿ ಸರ್ವರ್ ಇರುವ ಕಂಪ್ಯೂಟರಿನಲ್ಲೇ ಗೇಟ್‌ವೇಯ ಒಂದು ಭಾಗ ಹಾಕಿಸಿದರು. ಡಿಕಾಮ್ ನೆಟ್‌ವರ್ಕ್ ದಾಟುವ ಪ್ರಸಂಗವೇ ಬರಲಿಲ್ಲ. ಆ ಒಂದು ಕೆಲಸಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ.

ಇನ್ನು ಗೋಳು. ಮೂರನೇ ವಾರದ ಒಂದು ಬೆಳಿಗ್ಗೆ ಇಆರ್‌ಪಿ ತೆರೆದರೆ ಎರಡನೇ ಲೈನಿನ ಉತ್ಪಾದನೆ ಮೈನಸ್ 65,486 ಪ್ಯಾಕ್. ಸ್ಟೋರ್‌ನಲ್ಲಿ ಕಣ್ಣಮುಂದೆ ಪೇರಿಸಿಟ್ಟ ಮಾಲು ಲೆಕ್ಕದಲ್ಲಿ ಮಾಯ. ಕೆದಕಿ ನೋಡಿದರೆ, ಆ ಪಿಎಲ್‌ಸಿಯ ಕೌಂಟರ್ 16 ಬಿಟ್. 65,535 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ತಂತ್ರಾಂಶ ಹಿಂದಿನ ಸಲ ಓದಿದ್ದು 65,510, ಮುಂದಿನ ಸಲ 24. ಅದು ಪಾಪ 24ರಲ್ಲಿ 65,510 ಕಳೆಯಿತು. ನಿಜವಾಗಿ ಆದದ್ದು 50 ಪ್ಯಾಕ್. ಕೌಂಟರ್ ಸುತ್ತು ಹೊಡೆಯುವುದನ್ನು ಗುರುತಿಸುವ ಸೌಲಭ್ಯ ಇದರಲ್ಲಿ ಇದೆ. ಆದರೆ ಡೀಫಾಲ್ಟ್ ಆಗಿ ಆಫ್. ಯಾಕೆ ಆಫ್ ಅಂತ ಕೇಳಿದ್ದಕ್ಕೆ ಸಪೋರ್ಟ್‌ನವರು, ಕೆಲವರು ಶಿಫ್ಟ್ ಶುರುವಿಗೆ ಕೌಂಟರನ್ನು ಕೈಯಾರೆ ಸೊನ್ನೆ ಮಾಡುತ್ತಾರೆ, ಅವರಿಗೆ ಇದು ಆನ್ ಇದ್ದರೆ ಸಾವಿರಾರು ಸುಳ್ಳು ಪ್ಯಾಕ್ ಸೇರಿಬಿಡುತ್ತವೆ ಅಂದರು. ನ್ಯಾಯವೇ. ಆದರೆ ಮೊದಲ ದಿನವೇ ಆ ಪ್ರಶ್ನೆಯನ್ನು ನಮ್ಮನ್ನು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಅದಕ್ಕಿಂತ ನಿಧಾನವಾಗಿ ಕೊಂದದ್ದು ರಿಜೆಕ್ಟ್ ಲೆಕ್ಕ. ತೂಕ ಕಡಿಮೆ ಬಂದ ಪ್ಯಾಕನ್ನು ಯಂತ್ರ ಬುಟ್ಟಿಗೆ ತಳ್ಳುತ್ತದೆ, ರಿಜೆಕ್ಟ್ ಕೌಂಟರ್ ಒಂದು ಏರುತ್ತದೆ. ಆಪರೇಟರ್ ಬುಟ್ಟಿ ನೋಡಿ, ಸರಿಯಿದೆ ಅನ್ನಿಸಿದ್ದನ್ನು ಮತ್ತೆ ಬೆಲ್ಟ್ ಮೇಲೆ ಇಡುತ್ತಾರೆ. ಈ ಸಲ ಪಾಸ್. ಈಗ ಅದೇ ಪ್ಯಾಕ್ ಒಟ್ಟು ಎಣಿಕೆಯಲ್ಲಿ ಎರಡು ಸಲ, ರಿಜೆಕ್ಟ್‌ನಲ್ಲಿ ಒಂದು ಸಲ, ಒಳ್ಳೆಯದರಲ್ಲಿ ಒಂದು ಸಲ ಇದೆ. ಯಂತ್ರ ಸುಳ್ಳು ಹೇಳಲಿಲ್ಲ, ಎರಡು ಸಲ ಹೋದದ್ದನ್ನು ಎರಡು ಸಲ ಎಣಿಸಿತು. ಇಆರ್‌ಪಿ ಮಾತ್ರ ಒಟ್ಟು ಎಣಿಕೆಯನ್ನು ಹಿಡಿದು ಇಷ್ಟು ಪ್ಯಾಕಿಂಗ್ ಫಿಲ್ಮ್ ಖರ್ಚಾಗಿರಬೇಕು ಅಂತ ಸ್ಟಾಕ್‌ನಿಂದ ಕಳೆಯುತ್ತ ಹೋಯಿತು. ಎರಡು ತಿಂಗಳಾದ ಮೇಲೆ ಸ್ಟೋರ್‌ನವರು, ನಮ್ಮಲ್ಲಿ ಲೆಕ್ಕಕ್ಕಿಂತ ಹೆಚ್ಚು ರೋಲ್ ಇವೆಯಲ್ಲ, ಎಲ್ಲಿಂದ ಬಂದವು ಅಂತ ಕೇಳಿದರು. ರಿಜಿಸ್ಟರ್ ಕಾಲದಲ್ಲಿ ಇದು ಗೊತ್ತೇ ಆಗಿರಲಿಲ್ಲ, ಯಾಕೆಂದರೆ ಆಪರೇಟರ್ ಬರೆಯುವಾಗಲೇ ಮನಸ್ಸಿನಲ್ಲಿ ಅದನ್ನು ಕಳೆದು ಬರೆಯುತ್ತಿದ್ದರು. ಅವರ ತಲೆಯಲ್ಲಿದ್ದ ಆ ಕಳೆಯುವ ಲೆಕ್ಕ ಯಾವ ಟ್ಯಾಗ್‌ನಲ್ಲೂ (ಯಂತ್ರದಿಂದ ಓದುವ ಒಂದೊಂದು ಮೌಲ್ಯವೂ ಒಂದು ಟ್ಯಾಗ್) ಇರಲಿಲ್ಲ. ಈಗ ಮರಳಿ ಇಟ್ಟ ಪ್ಯಾಕ್‌ಗೆ ಬೆಲ್ಟ್ ಪಕ್ಕ ಒಂದು ಗುಂಡಿ ಇದೆ, ಒತ್ತಿದರೆ ಒಂದು ಕಳೆಯುತ್ತದೆ. ಒತ್ತುತ್ತಾರಾ? ಬಹುತೇಕ.

ಸಮಯದ ವಿಷಯಕ್ಕೆ ಬಂದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ರಾತ್ರಿ ಪಾಳಿ 10ರಿಂದ ಬೆಳಿಗ್ಗೆ 6. ಉತ್ಪಾದನೆಯವರಿಗೆ ಅದು ಪೂರ್ತಿ ಹಿಂದಿನ ದಿನದ್ದು. ಅಕೌಂಟ್ಸ್‌ನವರಿಗೆ 12 ಹೊಡೆದ ಮೇಲೆ ಹೊಸ ದಿನ, ತಿಂಗಳ ಕೊನೆಯಾದರೆ ಹೊಸ ತಿಂಗಳು. ಮುಂಚೆ ಟೈಪ್ ಮಾಡುವವರು ದಿನಾಂಕ ನೋಡಿ ಹಾಕುತ್ತಿದ್ದರು. ಈಗ ಅದನ್ನು ನಿಯಮವಾಗಿ ಬರೆದುಕೊಡಿ ಅಂದರೆ ಎರಡು ವಿಭಾಗದವರೂ ಒಪ್ಪುವ ಒಂದು ವಾಕ್ಯ ಸಿಗಲು ನಾಲ್ಕು ಮೀಟಿಂಗ್ ಬೇಕಾದವು.

ಇದರ ಜೊತೆಗೇ ಇನ್ನೊಂದು. ಇಆರ್‌ಪಿಯವರು ಒಂದು ರಾತ್ರಿ ನಿರ್ವಹಣೆಗೆಂದು ಸರ್ವರ್ ಇಳಿಸಿದರು, ಏಳುವಾಗ ಹನ್ನೊಂದು ಗಂಟೆ ಕಳೆದಿತ್ತು. ಗೇಟ್‌ವೇ ಅಷ್ಟೂ ಹೊತ್ತು ಒಂದೂ ದಾಖಲೆ ಬಿಡದೆ ತನ್ನ ಡಿಸ್ಕ್‌ನಲ್ಲಿ ಹಿಡಿದಿಟ್ಟುಕೊಂಡು, ಸಂಪರ್ಕ ಬಂದ ಕೂಡಲೇ ಸಾಲಾಗಿ ಕಳಿಸಿತು. ಇದು ಈ ತಂತ್ರಾಂಶದ ಅತಿ ದೊಡ್ಡ ಗುಣ, ಇದಿಲ್ಲದ್ದನ್ನು ಯಾರೂ ಕೊಳ್ಳಬೇಡಿ. ಆದರೆ ಕಳಿಸಿದಾಗ ಹಾಕಿದ ಸಮಯ ಸರ್ವರ್‌ಗೆ ತಲುಪಿದ ಸಮಯ, ಯಂತ್ರದಲ್ಲಿ ನಡೆದ ಸಮಯ ಅಲ್ಲ. ಇಡೀ ರಾತ್ರಿಯ ಮಾಲು ಬೆಳಿಗ್ಗೆ 6:40ಕ್ಕೆ ಒಂದೇ ನಿಮಿಷದಲ್ಲಿ ತಯಾರಾದಂತೆ ಬಂದು ಬಿತ್ತು. ಅದೂ ಒಂದು ಟಿಕ್‌ನ ಪ್ರಶ್ನೆಯೇ.

ಒಂದೇ ದಾಖಲೆ ಇಆರ್‌ಪಿಯಲ್ಲಿ ಎರಡೆರಡು ಸಲ ಪೋಸ್ಟ್ ಆಗುವ ತೊಂದರೆಯೂ ಮೊದಲ ವರ್ಷ ಕಾಡಿತು. ಗೇಟ್‌ವೇಯಿಂದ ಸರ್ವರ್‌ಗೆ ಸಂದೇಶ ಹೋಗುವುದು ಎಂಕ್ಯೂಟಿಟಿಯಲ್ಲಿ, ತೈಲದ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ಗಮನಿಸಲೆಂದು 1999ರಲ್ಲಿ ರೂಪಿಸಿದ ವಿಧಾನ. ನಾವು ಇಟ್ಟಿದ್ದ ಮಟ್ಟದಲ್ಲಿ ಅದು ಕೊಡುವ ಭರವಸೆ ‘ಒಂದು ಸಲವಾದರೂ ತಲುಪುತ್ತದೆ’ ಅಂತ. ಎರಡು ಸಲ ತಲುಪುವುದಿಲ್ಲ ಅಂತ ಅಲ್ಲ. ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಇಆರ್‌ಪಿ ಕಡೆ ಬಿಟ್ಟುಬಿಡುವ ಹಾಗೆ ಮಾಡಿದ ಮೇಲೆ ನಿಂತಿತು.

ನನಗೆ ಇಂದಿಗೂ ಕೋಪ ಇರುವುದು ಒಂದೇ ವಿಷಯಕ್ಕೆ. ಗೇಟ್‌ವೇ ತಾನು ಯಾರೆಂದು ಪಿಎಲ್‌ಸಿಗೆ ತೋರಿಸುವ ಡಿಜಿಟಲ್ ಗುರುತಿನ ಚೀಟಿ, ಒಪಿಸಿ ಯುಎ ಸರ್ಟಿಫಿಕೇಟ್. ಒಂದು ಭಾನುವಾರ ಅದರ ಅವಧಿ ಮುಗಿಯಿತು. ಪಿಎಲ್‌ಸಿ ಸಂಪರ್ಕ ನಿರಾಕರಿಸಿತು. ಅದು ಅದರ ಕರ್ತವ್ಯ. ಆದರೆ ಡ್ಯಾಶ್‌ಬೋರ್ಡ್ ಏನು ಮಾಡಿತು? ಕೊನೆಯ ಸಲ ಓದಿದ ಸಂಖ್ಯೆಗಳನ್ನೇ ಹಸಿರು ಬಣ್ಣದಲ್ಲಿ ತೋರಿಸುತ್ತ ಕೂತಿತು. ಲೈನ್ ಮೂರರ ಆಪರೇಟರ್ ಫೋನ್ ಮಾಡಿ, "ಮೇಡಂ, ನಿಮ್ಮ ಟಿವಿಯಲ್ಲಿ ಟ್ಯಾಂಕ್ 63.4 ಅಂತ ನಿಂತಿದೆ, ನಾವು ಇಲ್ಲಿ ಆಗಲೇ ಎರಡು ಸಲ ತುಂಬಿಸಿದೀವಿ" ಅಂದಾಗಲೇ ಗೊತ್ತಾದದ್ದು. ಒಪಿಸಿಯಲ್ಲಿ ಪ್ರತಿ ಮೌಲ್ಯದ ಜೊತೆಗೂ ಅದು ಚೆನ್ನಾಗಿದೆಯೋ, ಕೆಟ್ಟಿದೆಯೋ, ಅನುಮಾನವೋ ಅಂತ ಗುಣಮಟ್ಟದ ಸೂಚನೆ ಬರುತ್ತದೆ. ಸಂಪರ್ಕ ಹೋದದ್ದು ಗೇಟ್‌ವೇಗೆ ಗೊತ್ತಿತ್ತು, ಕೆಟ್ಟಿದೆ ಅಂತ ಬರೆದುಕೊಂಡೂ ಇತ್ತು. ಅದನ್ನು ಪರದೆಗೆ ದಾಟಿಸಲಿಲ್ಲ, ಅಷ್ಟೇ. ಮುಂದಿನ ಆವೃತ್ತಿಯಲ್ಲಿ ಸರಿಮಾಡಿದ್ದಾರೆ, ಸರ್ಟಿಫಿಕೇಟ್ ಮುಗಿಯುವ 30 ದಿನ ಮೊದಲು ಮೇಲ್ ಕೂಡ ಬರುತ್ತದೆ. ಸಂತೋಷ. ಆದರೂ ಹಸಿರು ಬಣ್ಣ ಕಂಡರೆ ನನಗೆ ಇವತ್ತಿಗೂ ಒಂದು ಕ್ಷಣ ಅನುಮಾನ.

ಲೈಸೆನ್ಸ್ ಟ್ಯಾಗ್ ಲೆಕ್ಕದಲ್ಲಿ. ಆರಂಭದ ಉತ್ಸಾಹದಲ್ಲಿ ನಾವು ಮೂರು ಸಾವಿರಕ್ಕೂ ಮಿಕ್ಕಿ ಟ್ಯಾಗ್ ಸೇರಿಸಿದ್ದೆವು: ಮೋಟಾರಿನ ಕರೆಂಟು, ಬೇರಿಂಗ್ ತಾಪ, ಬಾಗಿಲು ತೆರೆದದ್ದು, ಮುಚ್ಚಿದ್ದು. ಇಆರ್‌ಪಿಗೆ ಬೇಕಾದದ್ದು ಅದರಲ್ಲಿ 41. ಆರ್ಡರ್ ಸಂಖ್ಯೆ, ಒಳ್ಳೆಯ ಎಣಿಕೆ, ರಿಜೆಕ್ಟ್, ಬಳಸಿದ ಕಚ್ಚಾಮಾಲು, ನಿಂತ ಹೊತ್ತು ಮತ್ತು ಕಾರಣ, ಇಷ್ಟೇ. ಸೆಕೆಂಡಿಗೊಮ್ಮೆ ಬದಲಾಗುವ ತಾಪಮಾನ ತಗೊಂಡು ಇಆರ್‌ಪಿ ಏನು ಮಾಡೀತು? ಅದು ಹಿಸ್ಟೋರಿಯನ್‌ನಲ್ಲಿ (ಯಂತ್ರದ ಮೌಲ್ಯಗಳನ್ನು ಸಮಯದ ಸಮೇತ ಕೂಡಿಡುವ ಡೇಟಾಬೇಸ್) ಇರಲಿ, ಮೆಂಟೆನೆನ್ಸ್‌ನವರು ನೋಡಿಕೊಳ್ಳಲಿ. ಕೊಳ್ಳುವ ಮುಂಚೆಯೇ ಈ ಪಟ್ಟಿಯನ್ನು ಅಕೌಂಟ್ಸ್, ಸ್ಟೋರ್, ಉತ್ಪಾದನೆ ಮೂವರನ್ನೂ ಕೂರಿಸಿ ಬರೆಯಿರಿ. ನಾವು ಬರೆದದ್ದು ಎರಡನೇ ವರ್ಷ, ಲೈಸೆನ್ಸ್ ಬಿಲ್ ನೋಡಿದ ಮೇಲೆ.

ಮೇಲಿನಿಂದ ಕೆಳಕ್ಕೂ ಇದು ಕಳಿಸಬಲ್ಲದು. ನಾವು ಆರ್ಡರ್ ಸಂಖ್ಯೆ ಮಾತ್ರ ಇಳಿಸುತ್ತೇವೆ. ರೆಸಿಪಿ, ವೇಗ, ತಾಪ ಇವನ್ನು ಕಚೇರಿಯಿಂದ ಯಂತ್ರಕ್ಕೆ ಬರೆಯಲು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಮ್ಯಾಪಿಂಗ್, ಅಂದರೆ ಯಾವ ಟ್ಯಾಗ್ ಇಆರ್‌ಪಿಯ ಯಾವ ಜಾಗಕ್ಕೆ ಹೋಗಬೇಕು ಅಂತ ಜೋಡಿಸುವ ಪರದೆ ಮಾತ್ರ ಈಗಲೂ ದರಿದ್ರ. ಸಾವಿರ ಸಾಲಿನ ಪಟ್ಟಿಯಲ್ಲಿ ಹುಡುಕಲು ಸರಿಯಾದ ದಾರಿ ಇಲ್ಲ, ಎಕ್ಸೆಲ್‌ಗೆ ತೆಗೆದು ತಿದ್ದಿ ಮತ್ತೆ ತುಂಬುವುದೇ ವಾಸಿ. ಸಪೋರ್ಟ್ ಪರವಾಗಿಲ್ಲ, ಲಾಗ್ ಫೈಲ್ ಮೊದಲೇ ಲಗತ್ತಿಸಿ ಬರೆದರೆ ಒಂದು ದಿನ ಉಳಿಯುತ್ತದೆ.

ಮುಂದಿನ ತಿಂಗಳು ಲೈಸೆನ್ಸ್ ನವೀಕರಣ ಇದೆ, ಮಾಡಿಸುತ್ತಿದ್ದೇವೆ. ಟೈಪಿಂಗ್ ಪೂರ್ತಿ ನಿಂತಿದೆ. ಆದರೆ ಮೂರನೇ ಲೈನಿನಲ್ಲಿ ರಿಜಿಸ್ಟರ್ ನಿಲ್ಲಿಸಬೇಡಿ ಅಂತ ನಾನೇ ಕೇಳಿಕೊಂಡಿದ್ದೇನೆ. ಪ್ರತಿ ಸೋಮವಾರ ಅದನ್ನೂ ಇಆರ್‌ಪಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇನೆ. ಕಳೆದ ಸೋಮವಾರ 12 ಪ್ಯಾಕ್ ವ್ಯತ್ಯಾಸ ಬಂತು. ಹೋಗಿ ನೋಡಿದರೆ, ಬೆಲ್ಟ್ ಪಕ್ಕದ ಗುಂಡಿಯ ವೈರ್ ಸಡಿಲವಾಗಿತ್ತು.