ಕಲಬುರಗಿಯ ಬೋರಿನ ನೀರಿಗೆ ಸೋಲಾರ್ ವಾಟರ್ ಹೀಟರ್: ಬಹುಕಾಲದ ಬಳಕೆಯ ನಂತರ

ಮಾದರಿ: 100 ಲೀಟರ್ ಇಟಿಸಿ, ಅಂದರೆ ನಿರ್ವಾತವಿರುವ ಜೋಡಿ ಗೋಡೆಯ ಗಾಜಿನ ಟ್ಯೂಬಿನಲ್ಲಿ ನೀರು ಕಾಯಿಸುವಂಥದ್ದು. 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ 10 ಗಾಜಿನ ಟ್ಯೂಬು, ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು. ನಾಲ್ಕೈದು ಜನರ ಮನೆಗೆ ಸಾಕು. ನೀರು ಕಾಯುವುದರಲ್ಲಿ ದೂರೇ ಇಲ್ಲ. ಡಿಸೆಂಬರಿನಲ್ಲೂ ಬೆಳಗಿನ ಸ್ನಾನಕ್ಕೆ ತಣ್ಣೀರು ಬೆರೆಸಬೇಕು. ಹೀಟರ್ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೀರೇ ತೀರ್ಮಾನಿಸುತ್ತದೆ.

ಮೊದಲು ದುಡ್ಡಿನ ಲೆಕ್ಕ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು, ತಿಂಗಳಿಗೆ 120. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 720 ರೂಪಾಯಿ. ಇದನ್ನೇ 12ರಿಂದ ಗುಣಿಸಿ ಲಾಭ ತೋರಿಸುವ ಮಾರಾಟಗಾರರನ್ನು ನಂಬಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ ಮಾಳಿಗೆಯ ಸಿಂಟೆಕ್ಸ್ ನೀರೇ ಕೈ ಸುಡುತ್ತದೆ. ಚಳಿಯ ನಾಲ್ಕು ತಿಂಗಳು ಪೂರ್ತಿ, ಮಳೆಯ ನಾಲ್ಕು ತಿಂಗಳು ಅರ್ಧ ಎಂದರೆ ವರ್ಷಕ್ಕೆ 720 ಯೂನಿಟ್, ಅಂದರೆ 4,320 ರೂಪಾಯಿ. ಹೀಟರಿಗೆ 22 ಸಾವಿರ, ಸ್ಟ್ಯಾಂಡು ಮತ್ತು ಪೈಪಿಗೆ 6 ಸಾವಿರ ಎಂದುಕೊಂಡರೆ ಅಸಲು ಬರಲು ಆರೂವರೆ ವರ್ಷ. ಬೀದರ್ ಎತ್ತರದ ಊರು, ಅಲ್ಲಿ ಚಳಿ ಜಾಸ್ತಿ. ಹಾಗಾಗಿ ಅಲ್ಲಿ ಇನ್ನೂ ಬೇಗ ಬರುತ್ತದೆ.

ಗೃಹಜ್ಯೋತಿ ಇರುವ ಮನೆಯವರು ಲೆಕ್ಕವನ್ನು ಬೇರೆ ರೀತಿ ಹಾಕಬೇಕು. ಗೀಜರ್ ಹಾಕಿಯೂ ನಿಮಗೆ ನಿಗದಿಯಾದ ಯೂನಿಟ್ಟಿನೊಳಗೇ ಬಿಲ್ಲು ನಿಲ್ಲುವುದಾದರೆ ಸೋಲಾರಿನಿಂದ ಉಳಿತಾಯವೇ ಇಲ್ಲ. ಆದರೆ ಆ 120 ಯೂನಿಟ್ಟೇ ನಿಮ್ಮನ್ನು 200ರ ಆಚೆ ನೂಕಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಇನ್ನು ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಸುಣ್ಣದ ಕಲ್ಲಿನ ಈ ಸೀಮೆಯಲ್ಲಿ ಬೋರಿನ ನೀರನ್ನು ಪರೀಕ್ಷಿಸದೆ ಹೀಟರ್ ಕೊಳ್ಳಲೇಬೇಡಿ. ನೀರು 60 ಡಿಗ್ರಿ ದಾಟಿದಂತೆ ಸುಣ್ಣ ಬೇರ್ಪಟ್ಟು ಟ್ಯೂಬಿನ ತಳಕ್ಕೆ ಇಳಿಯುತ್ತದೆ. ಬಿಸಿಲಿಲ್ಲದ ದಿನಕ್ಕೆಂದು ಟ್ಯಾಂಕಿನಲ್ಲಿರುವ ಕರೆಂಟಿನ ಬ್ಯಾಕಪ್ ಕಾಯಿಲ್ ಮೇಲೆ ಪದರ ಕಟ್ಟಿ ಅದನ್ನು ಸುಟ್ಟುಹಾಕುತ್ತದೆ.

ಇದಕ್ಕೆ ಅತಿ ಅಗ್ಗದ ಪರಿಹಾರ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಅಲ್ಲ, ಸೋಲಾರಿಗೆಂದೇ ಪ್ರತ್ಯೇಕ 500 ಲೀಟರಿನ ಟ್ಯಾಂಕು. ಅದಕ್ಕೆ ನಳದ ನೀರನ್ನೇ ತುಂಬಿ. ನಗರಕ್ಕೆ ಬರುವ ಭೀಮಾ, ಬೆಣ್ಣೆತೊರಾ ನೀರು ಬೋರಿನಷ್ಟು ಗಡಸಲ್ಲ. ದಿನಕ್ಕೆ 100 ಲೀಟರ್ ಖರ್ಚಾದರೆ ನಾಲ್ಕೈದು ದಿನ ನಳ ಬರದಿದ್ದರೂ ತೊಂದರೆಯಿಲ್ಲ. ಈ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿರಬೇಕು. ಇಟ್ಟಿಗೆ ಕಂಬದ ಮೇಲೆ ದಪ್ಪನೆಯ ಶಹಾಬಾದಿ ಫರ್ಸಿ ಹಾಸಿದರೆ ಕಬ್ಬಿಣದ ಸ್ಟ್ಯಾಂಡಿನಂತೆ ತುಕ್ಕು ಹಿಡಿಯುವುದಿಲ್ಲ.

ಬೇಸಿಗೆಯಲ್ಲಿ ಹೆಚ್ಚಿನವರು ಹೀಟರನ್ನು ಮರೆತೇಬಿಡುತ್ತಾರೆ. ನಿಜವಾದ ಹಾಳು ಆಗುವುದು ಆಗಲೇ. ಬಳಸದ ನೀರು ಕುದಿಯುವ ಹಂತಕ್ಕೆ ಹೋಗುತ್ತದೆ, ಆವಿ ವೆಂಟ್ ಪೈಪಿನಿಂದ ಹೊರಗೆ, ಸುಣ್ಣ ಒಳಗೆ. ಕಡಿಮೆಯಾದಷ್ಟು ಹೊಸ ನೀರು ಮತ್ತಷ್ಟು ಸುಣ್ಣ ತರುತ್ತದೆ. ಟ್ಯೂಬು ಟ್ಯಾಂಕಿಗೆ ಸೇರುವ ಕಡೆಯ ಸಿಲಿಕೋನ್ ರಿಂಗುಗಳು ಗಟ್ಟಿಯಾಗಿ ಸೋರತೊಡಗುತ್ತವೆ. ಮಾರ್ಚಿನಲ್ಲಿಯೇ ಮುಕ್ಕಾಲು ಪಾಲು ಟ್ಯೂಬುಗಳ ಮೇಲೆ ದಪ್ಪ ಗೋಣಿತಾಟು ಅಥವಾ ಹಸಿರು ನೆಟ್ಟನ್ನು ಎರಡು ಪದರ ಕಟ್ಟಿ. ನೀರು ಖಾಲಿ ಮಾಡಿ ಬಿಡಬೇಡಿ: ಒಣ ಟ್ಯೂಬು ಕಾದಿರುವಾಗ ಯಾರಾದರೂ ವಾಲ್ವ್ ತಿರುಗಿಸಿದರೆ ತಣ್ಣೀರು ತಗುಲಿ ಗಾಜು ಸಿಡಿಯುತ್ತದೆ. ಒಂದು ಟ್ಯೂಬು ಒಡೆದರೂ ಇಡೀ ಟ್ಯಾಂಕು ಬರಿದಾಗುತ್ತದೆ. ವಾಲ್ವ್ ತೆರೆದಿದ್ದರೆ ಮೇಲಿನ 500 ಲೀಟರೂ ಹರಿದುಹೋಗುತ್ತದೆ.

ತೊಳೆಯುವುದು ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಬಿಸಿಲೇರುವ ಮುಂಚೆ. ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕು ಬರಿದು ಮಾಡಿ, ರಿಂಗಿಗೆ ಸೋಪಿನ ನೀರು ಸವರಿ ಟ್ಯೂಬನ್ನು ನಿಧಾನವಾಗಿ ತಿರುಗಿಸುತ್ತಾ ಹೊರತೆಗೆಯಿರಿ. ಒಂದೊಂದರಲ್ಲಿ ಎರಡೂವರೆ ಲೀಟರಿಗೂ ಮಿಕ್ಕಿ ನೀರಿರುತ್ತದೆ, ಭಾರ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿದ ಬೆಚ್ಚನೆಯ ನೀರು ತುಂಬಿ ಸುಣ್ಣ ಕರಗುವವರೆಗೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಬಾತ್‌ರೂಮ್ ಆಸಿಡ್ ತಂದು ಟ್ಯಾಂಕಿಗೆ ಸುರಿಯಲು ಯಾರನ್ನೂ ಬಿಡಬೇಡಿ. ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ, ಅಲ್ಲಿಗೆ ಟ್ಯಾಂಕು ಮುಗಿಯಿತು. ತುದಿಯ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾದ ಟ್ಯೂಬಿನ ನಿರ್ವಾತ ಹೋಗಿದೆ, ಬದಲಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಕಡ್ಡಿಯಾದ ಮೆಗ್ನೀಷಿಯಂ ಆನೋಡ್ ಸವೆದಿದ್ದರೆ ಅದನ್ನೂ.

ಫ್ಲ್ಯಾಟ್ ಪ್ಲೇಟ್ ಮಾದರಿಗೆ ಬೆಲೆ ಹೆಚ್ಚು, ಗಾಜು ಒಡೆಯುವ ಭಯ ಕಡಿಮೆ. ಆದರೆ ಅದರ ಸಣ್ಣ ತಾಮ್ರದ ಕೊಳವೆ ಬೋರಿನ ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಕೊಳ್ಳುವುದಾದರೆ ಬೋರಿನ ನೀರು ಆ ಕೊಳವೆಯೊಳಗೆ ಹೋಗದೆ ಹೊರಗಿನಿಂದಲೇ ಕಾಯುವಂತೆ ಮಾಡುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ.

ಬಚ್ಚಲು ದೂರವಿದ್ದರೆ ಮುಕ್ಕಾಲು ಇಂಚಿನ 15 ಮೀಟರ್ ಸಿಪಿವಿಸಿ ಪೈಪಿನಲ್ಲೇ ಸುಮಾರು 4 ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವ ಮುಂಚೆ ಪ್ರತಿ ಬಾರಿ ಅಷ್ಟೂ ಹರಿಯಬೇಕು. ಮನೆ ಕಟ್ಟುತ್ತಿರುವವರು ಬಚ್ಚಲಿನ ನೇರ ಮೇಲೆಯೇ ದಕ್ಷಿಣಕ್ಕೆ ಮುಖ ಮಾಡಿ, ಪ್ಯಾರಪೆಟ್ಟಿನ ನೆರಳು ಬೀಳದ ಜಾಗವನ್ನು ನಕ್ಷೆಯಲ್ಲೇ ಗುರುತಿಸಿಡಿ. ಸಹಿ ಹಾಕುವ ಮುಂಚೆ ಗ್ಯಾರಂಟಿ ಕಾರ್ಡಿನಲ್ಲಿ ಗಡಸು ನೀರಿನ ಷರತ್ತು ಇದೆಯೇ ಓದಿ. ಇದ್ದರೆ ನೀರಿನ ಪರೀಕ್ಷೆಯ ವರದಿ ತೋರಿಸಿ, ಎಷ್ಟರವರೆಗೆ ಒಪ್ಪುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.